ಬಿಸಿಲಿನ ಪೆಟ್ಟಿಗೆ ಬೆಳಕಿನ ಮದ್ದು

ಬಿಸಿಲು ನಮಗೆ ಬೇಕು. ಬಿಸಿಲಿಲ್ಲದೆ ಬೆಳೆ ಇಲ್ಲ. ಹಪ್ಪಳ, ಸಂಡಿಗೆ ಒಣಗೋದಿಲ್ಲ. ಮೈಗೆ ಬಿಸಿಲು ಬಿದ್ದರೆ ಮೂಳೆ ಗಟ್ಟಿಯಾಗಲು ಬೇಕಾದ ಡಿ ವಿಟಮಿನ್ ಸಿಗುತ್ತೆ.

ಆದರೆ ಹೊಸ ಸೀರೆಯನ್ನು ದಿನಾ ಉರಿಬಿಸಿಲಲ್ಲಿ ಒಣಹಾಕಿ ನೋಡಿ. ಬಣ್ಣ ಮಾಸುತ್ತೆ. ಬಟ್ಟೆ ಜೀರ್ಣವಾಗುತ್ತೆ. ಚರ್ಮಕ್ಕೂ ಬಿಸಿಲಿನಿಂದ ಪೆಟ್ಟು ಬೀಳುತ್ತೆ. ಅದು ಒಂದು ದಿನದಲ್ಲಿ ಕಾಣೋದಿಲ್ಲ. ವರ್ಷಗಟ್ಟಲೆ ಸೇರಿ ಸೇರಿ ಕೊನೆಗೆ ಕಾಣುತ್ತೆ.

ಈ ಪೆಟ್ಟು ಯಾರಿಗೆ ಹೆಚ್ಚು? ಗುರುತಿಸೋದು ಹೇಗೆ? ಇದಕ್ಕೆ ಬೆಳಕಿನಿಂದಲೇ ಒಂದು ಚಿಕಿತ್ಸೆ ಇದೆ. ಅದು ಹೇಗೆ? ಬನ್ನಿ, ತಿಳಿಯೋಣ.

ಮೈಬಣ್ಣವೇ ಕೊಡೆ

ಇಟ್ಟಿಗೆ ಸೇರಿ ಗೋಡೆ ಆಗುತ್ತೆ. ಹಾಗೆಯೇ ಸಣ್ಣ ಸಣ್ಣ ಜೀವಕೋಶಗಳು ಸೇರಿ ನಮ್ಮ ಚರ್ಮ ಆಗಿದೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಕಿರಣಗಳಿವೆ. ಇವನ್ನು ನೇರಳಾತೀತ ಕಿರಣ ಅಂತಾರೆ. ಇವು ಜೀವಕೋಶದ ಒಳಗೆ ಹೋಗಿ ಅದನ್ನು ಕೆಡಿಸುತ್ತವೆ.

ಚರ್ಮದಲ್ಲಿ ಮೆಲನಿನ್ ಅನ್ನೋ ಬಣ್ಣ ಇದೆ. ಅದು ಜೀವಕೋಶಕ್ಕೆ ಕೊಡೆ ಹಿಡಿದ ಹಾಗೆ. ಕಿರಣಗಳನ್ನು ತಾನೇ ಹೀರಿಕೊಳ್ಳುತ್ತೆ. ಕಪ್ಪಗಿರುವವರ ಕೊಡೆ ದೊಡ್ಡದು. ಬೆಳ್ಳಗಿರುವವರ ಕೊಡೆ ಚಿಕ್ಕದು. ಆದ್ದರಿಂದ ಕಪ್ಪು ಅಂತ ಯಾರೂ ಕೊರಗಬೇಕಾಗಿಲ್ಲ. ನಮ್ಮ ಬಣ್ಣವೇ ನಮ್ಮನ್ನು ಕಾಯುತ್ತಿದೆ.

ಆಸ್ಟ್ರೇಲಿಯಾ ದೇಶದ ಕತೆ ಕೇಳಿ. ಅಲ್ಲಿ ಬಿಸಿಲು ಚುರುಕು. ತಣ್ಣನೆಯ ಯೂರೋಪಿನಿಂದ ಬಂದ ಬಿಳಿಯರು ಅಲ್ಲಿ ನೆಲೆಸಿದರು. ಅವರಲ್ಲಿ ಚರ್ಮದ ಕ್ಯಾನ್ಸರ್ ಬಹಳ ಹೆಚ್ಚು. ಅದಕ್ಕೇ 1981ರಲ್ಲಿ ಅಲ್ಲಿ ದೊಡ್ಡ ಪ್ರಚಾರ ಶುರುವಾಯಿತು. ಮೈ ಮುಚ್ಚುವ ಅಂಗಿ ತೊಡಬೇಕು, ಲೇಪ ಹಚ್ಚಬೇಕು, ಟೋಪಿ ಹಾಕಬೇಕು ಅಂತ ಮನೆಮನೆಗೂ ತಿಳಿಸಿದರು.

ನಮ್ಮಲ್ಲಿ ಯಾರಿಗೆ ಅಪಾಯ?

ನಮ್ಮ ನಾಡಿನಲ್ಲಿ ಈ ತೊಂದರೆ ಕಡಿಮೆ. ಆದರೆ ಕೆಲವು ಮಕ್ಕಳು ಹುಟ್ಟುವಾಗಲೇ ಮೈಬಣ್ಣ ಇಲ್ಲದೆ ಹುಟ್ಟುತ್ತಾರೆ. ಕೂದಲು, ರೆಪ್ಪೆ ಕೂಡ ಬಿಳಿ ಅಥವಾ ಹಳದಿ. ಬೆಳಕು ಕಂಡರೆ ಕಣ್ಣು ಕಿರಿದು ಮಾಡುತ್ತಾರೆ. ದೃಷ್ಟಿಯೂ ಮಂದ. ಇದನ್ನು ಆಲ್ಬಿನಿಸಂ ಅಂತಾರೆ.

ಇಂಥ ಮಗು ಹುಟ್ಟಿದರೆ ಜನ ಏನೇನೋ ಅಂತಾರೆ. ಶಾಪ ಅಂತಾರೆ. ಗ್ರಹಣದ ದೋಷ ಅಂತಾರೆ. ತಾಯಿಯ ಮೇಲೆ ತಪ್ಪು ಹೊರಿಸುತ್ತಾರೆ. ಇದೆಲ್ಲ ಸುಳ್ಳು. ಇದು ಸಾಮಾನ್ಯವಾಗಿ ತಂದೆ, ತಾಯಿ ಇಬ್ಬರಿಂದಲೂ ಬರುವ ಗುಣ. ಇಬ್ಬರಲ್ಲೂ ಅದು ಅಡಗಿರುತ್ತೆ, ಹೊರಗೆ ಕಾಣೋದಿಲ್ಲ. ಸೋದರಮಾವ, ಅತ್ತೆಯ ಮಗ ಹೀಗೆ ರಕ್ತಸಂಬಂಧದಲ್ಲಿ ಮದುವೆಯಾದರೆ ಇದು ಬರುವ ಸಂಭವ ಹೆಚ್ಚು. ಇದು ಅಂಟುರೋಗ ಅಲ್ಲ. ಮಗುವನ್ನು ಎತ್ತಿಕೊಳ್ಳಬಹುದು, ಜೊತೆಯಲ್ಲಿ ಕೂರಿಸಿಕೊಂಡು ಉಣ್ಣಬಹುದು.

ಆದರೆ ಈ ಮಗುವಿಗೆ ಕೊಡೆ ಇಲ್ಲ. ಬಿಸಿಲು ನೇರವಾಗಿ ಹೊಡೆಯುತ್ತೆ. ದೊಡ್ಡವಳಾಗಿ ಹೊಲದ ಕೂಲಿಗೆ ಹೋದರೆ ಪೆಟ್ಟು ಇನ್ನೂ ಹೆಚ್ಚು. ಇಂಥವರಲ್ಲಿ ಚಿಕ್ಕ ವಯಸ್ಸಿಗೇ ಚರ್ಮದ ಕ್ಯಾನ್ಸರ್ ಬರಬಹುದು.

ಕೈಗೆ ಸಿಗುವ ಗುರುತು

ಕ್ಯಾನ್ಸರ್ ಒಮ್ಮೆಲೇ ಬರೋದಿಲ್ಲ. ಹಲವು ಸಲ ಅದಕ್ಕೂ ಮೊದಲು ಚರ್ಮದ ಮೇಲೆ ಒರಟು ಕಲೆ ಏಳುತ್ತೆ. ಮುಖ, ಕಿವಿ, ಕೆಳತುಟಿ, ಕತ್ತು, ಮುಂಗೈ, ಹೀಗೆ ಬಿಸಿಲು ಬೀಳುವ ಜಾಗದಲ್ಲೇ ಏಳುತ್ತೆ. ಎಷ್ಟೋ ಸಲ ಕಣ್ಣಿಗೆ ಕಾಣುವ ಮೊದಲೇ ಕೈಗೆ ಸಿಗುತ್ತೆ. ಬಡಗಿ ಮರ ಉಜ್ಜುವ ಉಪ್ಪುಕಾಗದ ಮುಟ್ಟಿದ ಹಾಗಿರುತ್ತೆ. ಮೇಲೆ ಹಕ್ಕಳೆ ಕಟ್ಟುತ್ತೆ. ಕಿತ್ತರೆ ಮತ್ತೆ ಬರುತ್ತೆ.

ವೈದ್ಯರು ಇದನ್ನು ಆಕ್ಟಿನಿಕ್ ಕೆರಟೋಸಿಸ್ ಅಂತಾರೆ. ಇದು ಕ್ಯಾನ್ಸರ್ ಅಲ್ಲ. ಇಂಥ ಕಲೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗೋದೂ ಇಲ್ಲ. ಆದರೆ ಕೆಲವು ಆಗುತ್ತವೆ. ಯಾವುದು ಆಗುತ್ತೆ ಅಂತ ಮುಂಚೆ ಹೇಳಲು ಬರೋದಿಲ್ಲ. ಅದಕ್ಕೇ ಎಳೆಯದಾಗಿ ಇರುವಾಗಲೇ ತೆಗೆಯಬೇಕು.

ಕಲೆ ಒಂದೆರಡೇ ಇದ್ದರೆ ತುಂಬ ತಣ್ಣಗಿರುವ ದ್ರವ ಸಾರಜನಕ ತಾಗಿಸಿ ಸುಡುತ್ತಾರೆ. ಹಚ್ಚುವ ಮುಲಾಮುಗಳೂ ಇವೆ. ಮುಖದ ತುಂಬ ಕಲೆ ಇದ್ದರೆ? ಆಗ ಬೆಳಕಿನ ಚಿಕಿತ್ಸೆ ಅನುಕೂಲ. ಇದರ ಹೆಸರು ಫೋಟೋಡೈನಾಮಿಕ್ ಚಿಕಿತ್ಸೆ.

ಬೆಳಕು ಮದ್ದಾಗಿದ್ದು ಹೇಗೆ?

ಡೆನ್ಮಾರ್ಕ್ ದೇಶದ ವೈದ್ಯ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯರೋಗಕ್ಕೆ ಬೆಳಕಿನಿಂದ ಚಿಕಿತ್ಸೆ ಕೊಟ್ಟರು. 1903ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅದೇ ಕಾಲದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಆಸ್ಕರ್ ರಾಬ್ ಅನ್ನೋ ವಿದ್ಯಾರ್ಥಿ ಒಂದು ವಿಚಿತ್ರ ಕಂಡ. ನೀರಿನ ಸೂಕ್ಷ್ಮ ಜೀವಿಗಳಿಗೆ ಒಂದು ಬಗೆಯ ಬಣ್ಣ ಹಾಕಿದ್ದ. ಕತ್ತಲಲ್ಲಿ ಇಟ್ಟರೆ ಅವು ಬದುಕಿದವು. ಬೆಳಕಿಗೆ ಇಟ್ಟರೆ ಸತ್ತವು. ಬಣ್ಣ, ಬೆಳಕು ಎರಡೂ ಸೇರಿದರೆ ಮಾತ್ರ ಸಾವು. ಇದೇ ಈ ಚಿಕಿತ್ಸೆಯ ಗುಟ್ಟು. 1990ರಲ್ಲಿ ಕೆನಡಾದ ವೈದ್ಯರು ಚರ್ಮಕ್ಕೆ ಹಚ್ಚುವ ಔಷಧಿಯಿಂದ ಇದನ್ನು ಮಾಡಿ ತೋರಿಸಿದರು. 1999ರಲ್ಲಿ ಅಮೆರಿಕ ದೇಶ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಚಿಕಿತ್ಸೆ ಹೀಗೆ ನಡೆಯುತ್ತೆ

ಮೊದಲು ಹಕ್ಕಳೆಯನ್ನು ಮೆಲ್ಲಗೆ ಕೆರೆದು ತೆಗೆಯುತ್ತಾರೆ. ಅಲ್ಲಿಗೆ ಒಂದು ಕ್ರೀಮು ಹಚ್ಚಿ ಬಟ್ಟೆ ಕಟ್ಟುತ್ತಾರೆ. ಒಂದು ಬಗೆಯ ಕ್ರೀಮಿಗೆ 3 ಗಂಟೆ ಕಾಯಬೇಕು.

ಆ ಹೊತ್ತಿನಲ್ಲಿ ಒಳಗೆ ಏನಾಗುತ್ತೆ? ನಮ್ಮ ಮೈ ರಕ್ತದ ಕೆಂಪನ್ನು ತಾನೇ ತಯಾರಿಸುತ್ತೆ. ಹಾಗೆ ತಯಾರಿಸುವಾಗ ನಡುವೆ ಬೆಳಕನ್ನು ಹಿಡಿಯುವ ಒಂದು ವಸ್ತು ಹುಟ್ಟುತ್ತೆ. ಕ್ರೀಮು ಹಚ್ಚಿದಾಗ ಕೆಟ್ಟ ಜೀವಕೋಶಗಳಲ್ಲಿ ಆ ವಸ್ತು ಹೆಚ್ಚಾಗಿ ಸೇರುತ್ತೆ. ಒಳ್ಳೆಯ ಜೀವಕೋಶಗಳಲ್ಲಿ ಕಡಿಮೆ.

ಆಮೇಲೆ ಕಣ್ಣಿಗೆ ಕನ್ನಡಕ ಹಾಕಿಸಿ ಕೆಂಪು ದೀಪ ಹಿಡಿಯುತ್ತಾರೆ. ಸುಮಾರು 10 ನಿಮಿಷ ಸಾಕು. ಬೆಳಕು ತಾಗಿದ ಕೂಡಲೇ ಆ ವಸ್ತು ಕೆಲಸ ಶುರು ಮಾಡುತ್ತೆ. ತಾನಿರುವ ಕೆಟ್ಟ ಜೀವಕೋಶವನ್ನು ಕೊಲ್ಲುತ್ತೆ. ನಾವು ಪೈರು ಉಳಿಸಿ ಕಳೆ ಕೀಳೋದಿಲ್ಲವೇ? ಇದೂ ಹಾಗೇ.

ಉರಿ ಆಗುತ್ತೆ, ಸುಳ್ಳು ಹೇಳಬಾರದು. ಮೆಣಸಿನಕಾಯಿ ತಾಗಿದ ಹಾಗೆ ಉರಿಯಬಹುದು. ಗಾಳಿ ಬೀಸುತ್ತಾರೆ, ತಣ್ಣೀರು ಚಿಮುಕಿಸುತ್ತಾರೆ. ಚಿಕಿತ್ಸೆ ಮುಗಿದ ಮೇಲೆ 2 ದಿನ ಆ ಜಾಗಕ್ಕೆ ಬಿಸಿಲು ಬೀಳಬಾರದು. ಚರ್ಮ ಕೆಂಪಾಗಿ ಹೆಪ್ಪು ಕಟ್ಟಿ, ಒಂದೆರಡು ವಾರದಲ್ಲಿ ಉದುರುತ್ತೆ. ಸಾಮಾನ್ಯವಾಗಿ ಗಾಯದ ಗುರುತು ಉಳಿಯೋದಿಲ್ಲ. ಕಲೆ ಪೂರ್ತಿ ಹೋಗದಿದ್ದರೆ ಇನ್ನೊಮ್ಮೆ ಮಾಡುತ್ತಾರೆ. ಬಸುರಿ, ಬಾಣಂತಿ ಆಗಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.

ಬೆಳಕು ಚರ್ಮದ ಆಳಕ್ಕೆ ಹೋಗೋದಿಲ್ಲ. ಕ್ಯಾನ್ಸರ್ ಆಳಕ್ಕೆ ಇಳಿದಿದ್ದರೆ ಈ ಚಿಕಿತ್ಸೆ ಸಾಲದು. ಕೊಯ್ದೇ ತೆಗೆಯಬೇಕು. ತಡ ಮಾಡಬಾರದು ಅನ್ನೋದು ಇದಕ್ಕೇ.

ಮನೆಯಲ್ಲಿ ಮಾಡಬೇಡಿ

ತೊನ್ನಿಗೆ ಬಾವಂಚಿ ಬೀಜ ಹಚ್ಚಿ ಬಿಸಿಲಿಗೆ ಕೂರುವ ಪದ್ಧತಿ ನಮ್ಮ ದೇಶದಲ್ಲಿ ಹಿಂದಿನಿಂದ ಇದೆ. ಅದೂ ಮದ್ದು, ಬೆಳಕು ಸೇರಿದ ಚಿಕಿತ್ಸೆಯೇ. ಆದರೆ ಅಳತೆ ತಪ್ಪಿದರೆ ಮೈ ಬೊಬ್ಬೆ ಏಳುತ್ತೆ. ಒರಟು ಕಲೆಗೆ ಅದನ್ನು ಹಚ್ಚಬೇಡಿ. ಟಾರ್ಚು, ಬಲ್ಬು ಹಿಡಿದರೂ ವಾಸಿಯಾಗೋದಿಲ್ಲ. ಸುಣ್ಣ, ಆಸಿಡ್ ಹಾಕಿ ಸುಡಬೇಡಿ.

ನಾವು ಮಾಡಬೇಕಾದ್ದು

ಬೆಳಕಿನ ಚಿಕಿತ್ಸೆ ನಮ್ಮ ದೇಶದಲ್ಲಿ ಎಲ್ಲ ಕಡೆ ಸಿಗೋದಿಲ್ಲ. ಆದರೆ ಕಲೆ ಏನು ಅಂತ ತೋರಿಸಿ ಕೇಳಲು ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ. ಅಲ್ಲಿಂದ ದೊಡ್ಡ ಆಸ್ಪತ್ರೆಯ ಚರ್ಮದ ವೈದ್ಯರ ಹತ್ತಿರ ಕಳಿಸುತ್ತಾರೆ.

ಮೈಬಣ್ಣ ಇಲ್ಲದ ಮಗುವಿಗೆ ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ ಹಾಕಿ. ನಾವು ಕಳೆಗೆ ಹೋಗುವಾಗ ಸೀರೆ ಮೇಲೆ ಗಂಡಸರ ಅಂಗಿ ತೊಡೋದಿಲ್ಲವೇ? ಅದೇ ಉಪಾಯ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನೆರಳಲ್ಲಿ ಇರಲಿ. ಬಿಸಿಲು ತಡೆಯುವ ಲೇಪ ಯಾವುದು ಅಂತ ವೈದ್ಯರನ್ನು ಕೇಳಿ. ಮಗುವನ್ನು ಮನೆಯೊಳಗೆ ಬಚ್ಚಿಡಬೇಡಿ. ಶಾಲೆಗೆ ಕಳಿಸಿ. ಮುಂದಿನ ಸಾಲಿನಲ್ಲಿ ಕೂರಿಸಲು ಮೇಷ್ಟ್ರಿಗೆ ಹೇಳಿ. ಓದು ಕಲಿತರೆ ನೆರಳಿನ ಕೆಲಸ ಸಿಗುತ್ತೆ.

ಇನ್ನೊಂದು ಮಾತು ನಮ್ಮೆಲ್ಲರಿಗೂ. ಚರ್ಮದ ಕ್ಯಾನ್ಸರ್ ಬಿಸಿಲಿನಿಂದ ಮಾತ್ರ ಬರೋದಿಲ್ಲ. ಹಳೆಯ ಸುಟ್ಟ ಗಾಯದಲ್ಲಿ ಬರಬಹುದು. ಲಂಗದ ಲಾಡಿ ಬಿಗಿದು ಸೊಂಟದಲ್ಲಿ ಹುಣ್ಣಾಗಿ, ವರ್ಷಗಟ್ಟಲೆ ಮಾಯದಿದ್ದರೆ ಅಲ್ಲೂ ಬರಬಹುದು. ಒಂದು ತಿಂಗಳಾದರೂ ಮಾಯದ ಹುಣ್ಣು, ಬೆಳೆಯುವ ಗಂಟು, ಮುಟ್ಟಿದರೆ ರಕ್ತ ಬರುವ ಕಲೆ ಇದ್ದರೆ ನಾಚಿಕೆ ಬೇಡ. ತೋರಿಸಿ.

ಮನೆಯವರಿಗೆಲ್ಲ ಬಡಿಸಿ ಕೊನೆಗೆ ಉಣ್ಣುವವರು ನಾವು. ಮೈಯ ನೋವನ್ನೂ ಕೊನೆಗೆ ನೋಡಿಕೊಳ್ಳುತ್ತೇವೆ. ಈ ವಿಷಯದಲ್ಲಿ ಹಾಗೆ ಮಾಡೋದು ಬೇಡ.

ಉತ್ತರ ಹೇಳಿ

1. ಮೈಬಣ್ಣ ನಮ್ಮನ್ನು ಹೇಗೆ ಕಾಯುತ್ತೆ?
2. ಮಗು ಮೈಬಣ್ಣ ಇಲ್ಲದೆ ಹುಟ್ಟಿದರೆ ಅದು ತಾಯಿಯ ತಪ್ಪೇ?
3. ಕ್ರೀಮು ಹಚ್ಚಿ ದೀಪ ಹಿಡಿದಾಗ ಏನಾಗುತ್ತೆ?
4. ನಿಮ್ಮ ಮನೆಯಲ್ಲಿ ಮಾಯದ ಹುಣ್ಣು ಯಾರಿಗಾದರೂ ಇದೆಯೇ? ಅವರನ್ನು ಎಂದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೀರಿ? ದಿನ ಬರೆಯಿರಿ.