ಮಗುವಿನ ಹಕ್ಕಿಯನ್ನು ವಿಚಾರಿಸಿದ ಪ್ರವಾದಿ(ಸ)
(ಜುಮಾ ಪ್ರವಚನದ ಸಾರಾಂಶ)

ಹಝ್ರತ್ ಅನಸ್(ರ)ರಿಗೆ ಒಬ್ಬ ಪುಟ್ಟ ತಮ್ಮನಿದ್ದ. ಆಗಷ್ಟೇ ಎದೆಹಾಲು ಬಿಟ್ಟ ವಯಸ್ಸು. ಆದರೂ ಅವನನ್ನು ದೊಡ್ಡವರಂತೆ ಅಬೂ ಉಮೈರ್ ಎಂದು ಕರೆಯುತ್ತಿದ್ದರು. ಅವನ ಆಟಕ್ಕೆ ನುಗೈರ್ ಎಂಬ ಜಾತಿಯ ಸಣ್ಣ ಹಕ್ಕಿಯೊಂದಿತ್ತು, ಅದು ಸತ್ತಿತು. ಮನೆಗೆ ಬಂದ ಪ್ರವಾದಿವರ್ಯರು(ಸ) ಅವನ ಸಪ್ಪೆ ಮುಖ ಕಂಡು, ಹೆಸರು ಹಿಡಿದು ಕರೆದು, ಆ ನುಗೈರ್ ಏನಾಯಿತೆಂದು ಅವನನ್ನೇ ವಿಚಾರಿಸಿದರು. ಈ ಪ್ರಶ್ನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಸಪ್ಪೆ ಮುಖದ ವಿವರ ಅಬೂದಾವೂದ್‌ನಲ್ಲಿದೆ. ಉಮೈರ್, ನುಗೈರ್: ಮಗುವಿನ ಕಿವಿಗೆ ಹಿತವಾದ ಪ್ರಾಸ. ಇಬ್ನುಲ್ ಖಾಸ್ ಎಂಬ ವಿದ್ವಾಂಸರು ಈ ಒಂದು ಹದೀಸಿನಿಂದಲೇ 60 ಪಾಠಗಳನ್ನು ತೆಗೆದಿದ್ದಾರೆ.

ನಮಗೆ ಸದ್ಯ ಒಂದೇ ಸಾಕು. ಮಗುವಿನ ಕೈಯಲ್ಲಿ ಏನಿದೆಯೋ ಅದರ ಬಗ್ಗೆ ಅದರ ಜೊತೆ ಮಾತಾಡಬೇಕು.

“ಹಜ್ರತ್, ಅಂಗನವಾಡಿಯಲ್ಲಿ ಬರೀ ಆಟ, ಇನ್ನೂ ಎಬಿಸಿಡಿ ಬರೆಯಲ್ಲ” ಎಂದು ತಾಯಂದಿರು ಬೇಸರಪಡುತ್ತಾರೆ. ಮೂರು ವರ್ಷದ ಕೂಸನ್ನು ಸಂಜೆ ಟ್ಯೂಷನ್‌ಗೆ ಕಳಿಸುವ ಮನೆಗಳೂ ಇವೆ. ನಮಾಝಿಗೇ ಏಳನೇ ವಯಸ್ಸಿನಲ್ಲಿ ಆದೇಶಿಸಿರಿ ಎಂದು ಕಲಿಸಿದ ದೀನ್ ನಮ್ಮದು. ಅಷ್ಟರೊಳಗೆ ಬರೆಯುವ ಆತುರ ಏಕೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗೆ ಆಟದ ಮೂಲಕವೇ ಕಲಿಕೆ ಎನ್ನುತ್ತದೆ.

ಇನ್ನು ಭಾಷೆ. ದಾಂಡೇಲಿ, ಹಳಿಯಾಳದ ನಮ್ಮ ಮನೆಗಳಲ್ಲಿ ಉರ್ದು, ಕೆಲವು ಕಡೆ ಕೊಂಕಣಿ, ಶಾಲೆಯಲ್ಲಿ ಕನ್ನಡ. ಮಗು ಹಿಂದೆ ಬೀಳಬಾರದೆಂದು ಕೆಲವರು ಬಾರದ ಇಂಗ್ಲಿಷಿನಲ್ಲಿ ಎರಡು ಮಾತಾಡಿ ಸುಮ್ಮನಾಗುತ್ತಾರೆ. ಆ ಸುಮ್ಮನಿರುವುದೇ ನಷ್ಟ. ನಿಮ್ಮ ಬಾಯಿಗೆ ಸಲೀಸಾದ ಮಾತಿನಲ್ಲೇ ಹರಟಿ. ದೊಡ್ಡದು-ಚಿಕ್ಕದು, ಒಳಗೆ-ಹೊರಗೆ ಮನೆಮಾತಿನಲ್ಲಿ ತಿಳಿದ ಮಗುವಿಗೆ ಶಾಲೆಯಲ್ಲಿ ಬೇಕಾಗುವುದು ಅದರ ಕನ್ನಡ ಹೆಸರು ಮಾತ್ರ.

ಸಾಮಾನು ಕೊಳ್ಳಬೇಕಿಲ್ಲ. ದಸ್ತರ್‌ಖಾನ್ ಹಾಸಿದಾಗ ಮನೆಯವರಿಗೆ ತಲೆಗೊಂದು ತಟ್ಟೆ ಇಡಲು ಮಗುವಿಗೆ ಹೇಳಿ. ದಾದಿಗೆ ಇಟ್ಟೆಯಾ, ಇನ್ನೆಷ್ಟು ಬೇಕು? ಅದೇ ಗಣಿತ. ರೊಟ್ಟಿ ಹಿಟ್ಟಿನ ಒಂದು ಉಂಡೆ ಅದರ ಪಾಲಿಗಿರಲಿ. ತಟ್ಟಿ ಉರುಟುವ ಬೆರಳೇ ನಾಳೆ ಪೆನ್ಸಿಲ್ ಹಿಡಿಯುವುದು. ನಮ್ಮ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆ ಹಕ್ಕಿಗಳಿವೆ. ಜನ ದೂರದಿಂದ ದುಡ್ಡು ಕೊಟ್ಟು ನೋಡಲು ಬರುತ್ತಾರೆ, ನಮ್ಮ ಮಕ್ಕಳು ಮೊಬೈಲಿನಲ್ಲಿ ಕಾರ್ಟೂನ್ ಗಿಳಿ ನೋಡುತ್ತಿರುತ್ತಾರೆ! ತಾಯಿ ಹಕ್ಕಿ ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ, ತಂದೆ ಹಕ್ಕಿ ಸಣ್ಣ ಸೀಳಿನಿಂದ ಹಣ್ಣು ಕೊಡುತ್ತದೆ ಎಂದು ಹೇಳಿ ನೋಡಿ, ಅವರೇ ಹತ್ತು ಪ್ರಶ್ನೆ ಕೇಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದಿತು.

ಪೇಪರ್ ಮಿಲ್ಲಿನ ಪಾಳಿ ಮುಗಿಸಿ ಬರುವ ತಂದೆಯರ ದಣಿವು ನನಗೆ ಗೊತ್ತು. ಮಲಗಿಕೊಂಡೇ ಆಡಬಹುದು, ಸಜ್ದಾದಲ್ಲಿದ್ದ ಪ್ರವಾದಿ(ಸ)ರ ಬೆನ್ನನ್ನು ಮೊಮ್ಮಗ ಏರಿದಾಗ ಅವನು ಇಳಿಯುವವರೆಗೆ ಅವರು ತಲೆ ಎತ್ತಲಿಲ್ಲ. ಹುಣಸೆಬೀಜ ಎಣಿಸುವ ಆಟವೂ ಒಳ್ಳೆಯದೇ. ಆದರೆ ಮೂರು ವರ್ಷದೊಳಗಿನವರು ಅದನ್ನು ಬಾಯಿಗೋ ಮೂಗಿಗೋ ತುರುಕಿಕೊಳ್ಳುತ್ತಾರೆ. ಅವರಿಗೆ ಬಟ್ಟಲು, ಚಮಚ ಕೊಡಿ.