ಚಿತ್ರಕ್ಕೆ ಮಾತು ಬಂತು, ಮಾತುಗಾರ ಮೂಕನಾದ

ಯಕ್ಷಗಾನದ ರಂಗಸ್ಥಳದಿಂದ ಭಾಗವತರನ್ನೇ ಎಬ್ಬಿಸಿ ಮನೆಗೆ ಕಳುಹಿಸಿಬಿಟ್ಟರೆ ಆಟ ನಡೆದೀತೆ? ವೇಷಗಳು ಬರಬಹುದು, ಕುಣಿಯಬಹುದು. ಆದರೆ ಕಥೆಯನ್ನು ಹಿಡಿದು ನಡೆಸುವ ಆ ದನಿಯೇ ಇಲ್ಲದಿದ್ದರೆ ಜನ ಬಂದು ಕೂರುತ್ತಾರೆಯೇ?

ಸುಮಾರು ನೂರು ವರ್ಷಗಳ ಹಿಂದೆ ಜಪಾನಿನ ಚಿತ್ರಮಂದಿರಗಳಲ್ಲಿ ಇಂಥದೇ ಪ್ರಶ್ನೆ ಎದ್ದಿತ್ತು. ಅಲ್ಲಿ ಮೂಕಿ ಚಿತ್ರಗಳಿಗೆ ದನಿ ಕೊಡುತ್ತಿದ್ದ ಕಲಾವಿದರಿಗೆ 'ಬೆನ್ಶಿ' ಎಂದು ಹೆಸರು. ಟಾಕಿ ಬಂದದ್ದೇ ತಡ, ಹತ್ತೇ ವರ್ಷಗಳೊಳಗೆ ಅವರ ಕಸುಬು ಇಲ್ಲವಾಯಿತು. ಹೊಸ ಯಂತ್ರವೊಂದು ಬಂದಾಗ ಹಳೆಯ ವಿದ್ಯೆ ಕಲಿತವರ ಗತಿಯೇನು ಎಂಬ ಪ್ರಶ್ನೆ ಇಂದಿನ ವಿದ್ಯಾರ್ಥಿಗಳನ್ನೂ ಅವರ ತಂದೆ ತಾಯಿಯರನ್ನೂ ಕಾಡುತ್ತಿರುವುದರಿಂದ, ಬೆನ್ಶಿಗಳ ಕಥೆ ಇಂದಿಗೂ ಹಳತಾಗಿಲ್ಲ.

ಪರದೆಯ ಪಕ್ಕದ ನಾಯಕ

ಜಪಾನಿಗೆ ಚಲನಚಿತ್ರ ಕಾಲಿಟ್ಟದ್ದು 1896-97ರ ಸುಮಾರಿಗೆ. ಆಗ ಚಿತ್ರಗಳು ಒಂದೆರಡು ನಿಮಿಷದವು, ಬಂದವೆಲ್ಲ ಪರದೇಶದವು. ರೈಲು, ಬೀದಿ, ಬೇರೆಯ ಉಡುಗೆ ತೊಟ್ಟ ಜನ. ಇದೇನು, ಎಲ್ಲಿಯದು ಎಂದು ಹೇಳಲು ಒಬ್ಬರು ಬೇಕಾಯಿತು. ಹಾಗೆ ವಿವರಣೆ ನೀಡಲು ನಿಂತವನೇ ಬರಬರುತ್ತ ಕಥೆಗಾರನಾದ, ನಟನಾದ.

ಜಪಾನೀಯರಿಗೆ ಇದು ವಿಚಿತ್ರವೆನಿಸಲಿಲ್ಲ. ಅವರ ಬುನ್‌ರಾಕು ಗೊಂಬೆಯಾಟದಲ್ಲಿ ಗೊಂಬೆಗಳ ಮಾತನ್ನೆಲ್ಲ ಪಕ್ಕದಲ್ಲಿ ಕುಳಿತ ಗಾಯಕನೇ ಆಡುತ್ತಾನೆ. ಕಬುಕಿ ನಾಟಕದಲ್ಲೂ ಹಿನ್ನೆಲೆಯ ನಿರೂಪಣೆಗೆ ಜಾಗವಿದೆ. ಒಂದೆಡೆ ಆಡುವ ದೇಹ, ಇನ್ನೊಂದೆಡೆ ನುಡಿಯುವ ದನಿ - ಈ ಜೋಡಿ ಅವರಿಗೆ ತಲೆಮಾರುಗಳಿಂದ ಪರಿಚಿತ.

ಬೆನ್ಶಿ ಪರದೆಯ ಒಂದು ಬದಿಯಲ್ಲಿ ನಿಲ್ಲುತ್ತಿದ್ದ. ಮುಂದೆ ಪುಟ್ಟ ಮೇಜು, ಅದರ ಮೇಲೆ ಸಣ್ಣ ದೀಪ. ಮುದುಕನ ಕೆಮ್ಮು, ಹುಡುಗಿಯ ನಾಚಿಕೆ, ಖಳನ ಗರ್ಜನೆ, ಮಗುವಿನ ಅಳು - ಎಲ್ಲವೂ ಅವನ ಒಂದೇ ಗಂಟಲಿನಿಂದ ಬರಬೇಕು. ಜತೆಗೆ ವಾದ್ಯಗಾರರ ತಂಡ. ದೊಡ್ಡ ಚಿತ್ರಮಂದಿರಗಳಲ್ಲಿ ಪಿಟೀಲಿನ ಪಕ್ಕದಲ್ಲೇ ಜಪಾನಿನ ಮೂರು ತಂತಿಯ ಶಾಮಿಸೆನ್ ನುಡಿಯುತ್ತಿತ್ತು. ಚಿತ್ರಮಂದಿರದ ಜಾಹೀರಾತಿನಲ್ಲಿ ನಟನಟಿಯರ ಹೆಸರಿನೊಂದಿಗೆ ಬೆನ್ಶಿಯ ಹೆಸರೂ ದಪ್ಪ ಅಕ್ಷರಗಳಲ್ಲಿರುತ್ತಿತ್ತು. ಪರದೆಯ ಮೇಲೆ ಏನಿದೆ ಎನ್ನುವುದಕ್ಕಿಂತ ಇವತ್ತು ಹೇಳುವವರು ಯಾರು ಎಂದು ಕೇಳಿ ಟಿಕೆಟ್ ಕೊಳ್ಳುವವರಿದ್ದರು!

ಬೆನ್ಶಿಯ ಮಾತಿಗೆ ಎಷ್ಟು ಬಲವಿತ್ತು ಎಂಬುದಕ್ಕೆ ಒಂದು ಪ್ರಸಂಗವನ್ನು ಹೇಳುತ್ತಾರೆ. 1908ರಲ್ಲಿ ಫ್ರಾನ್ಸಿನ ಕ್ರಾಂತಿಯ ಕುರಿತ ಚಿತ್ರವೊಂದಕ್ಕೆ ಪೊಲೀಸರು ತಡೆ ಒಡ್ಡಿದರು. ದೊರೆಯ ವಿರುದ್ಧ ಪ್ರಜೆಗಳು ಏಳುವ ಕಥೆ ಜಪಾನಿನಲ್ಲಿ ಬೇಡವೆಂಬುದು ಅವರ ವಾದ. ಸ್ವಲ್ಪ ದಿನಗಳಲ್ಲಿ ಅದೇ ರೀಲುಗಳು ಬೇರೊಂದು ಹೆಸರಿನಲ್ಲಿ ತೆರೆಗೆ ಬಂದವು. ಈಗ ಅದು ಉತ್ತರ ಅಮೆರಿಕದ ಕಥೆ. ಫ್ರಾನ್ಸಿನ ದೊರೆ ಕಳ್ಳರ ಗುಂಪಿನ ನಾಯಕನಾಗಿದ್ದ! ಚಿತ್ರ ಬದಲಾಗಿರಲಿಲ್ಲ, ಬದಲಾದದ್ದು ಹೇಳುವವನ ಮಾತು ಮಾತ್ರ.

ಇಂಥ ಮಾತುಗಾರರನ್ನು ಸರ್ಕಾರ ಸುಮ್ಮನೆ ಬಿಡಲಿಲ್ಲ. 1917ರಲ್ಲಿ ಟೋಕಿಯೊ ಪೊಲೀಸರು ಬೆನ್ಶಿಗಳಿಗೆ ಪರವಾನಗಿ ಕಡ್ಡಾಯ ಮಾಡಿದರು. 1927ರಲ್ಲಿ ದೇಶದಲ್ಲಿದ್ದ ಬೆನ್ಶಿಗಳ ಸಂಖ್ಯೆ 6,818. ಅವರಲ್ಲಿ 180 ಮಂದಿ ಮಹಿಳೆಯರು.

ಡಬ್ಬಿಯಲ್ಲಿ ಬಂದ ಮಾತು

ಅದೇ 1927ರ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ವಾರ್ನರ್ ಸಹೋದರರ 'ದಿ ಜಾಝ್ ಸಿಂಗರ್' ಬಿಡುಗಡೆಯಾಯಿತು. ಅದರಲ್ಲಿ ಮಾತಿಗಿಂತ ಹಾಡೇ ಹೆಚ್ಚು. ಆದರೂ ಪರದೆಯ ಮೇಲಿನ ಮನುಷ್ಯ ಬಾಯಿ ತೆರೆದು ಆಡಿದ ಮಾತು ಜನರಿಗೆ ಕೇಳಿಸಿತು. ಅಷ್ಟು ಸಾಕಾಯಿತು. ಅಮೆರಿಕದ ಚಿತ್ರಮಂದಿರಗಳ ಮಾಲೀಕರು ಧ್ವನಿಯಂತ್ರಗಳಿಗಾಗಿ ಸಾಲುಗಟ್ಟಿ ನಿಂತರು. ಅಲ್ಲಿ ಮೂಕಿ ಚಿತ್ರಗಳಿಗೆ ವಾದ್ಯ ನುಡಿಸುತ್ತಿದ್ದ ಸಾವಿರಾರು ಸಂಗೀತಗಾರರು ಕೆಲಸ ಕಳೆದುಕೊಂಡರು.

ಈ ಯಂತ್ರ ಮಾಡುತ್ತಿದ್ದುದೇನು? 'ದಿ ಜಾಝ್ ಸಿಂಗರ್' ಚಿತ್ರದ ಧ್ವನಿ ಬೇರೆಯ ತಟ್ಟೆಗಳಲ್ಲಿತ್ತು. ಗ್ರಾಮಫೋನಿನಂತೆ ಅದು ಚಿತ್ರದ ಜತೆಗೇ ತಿರುಗಬೇಕು. ಮುಳ್ಳು ಒಂದಿಷ್ಟು ಹಾರಿದರೆ ಮಾತು ಒಂದು ಕಡೆ, ತುಟಿ ಇನ್ನೊಂದು ಕಡೆ! ಇದಕ್ಕಿಂತ ಬಾಳಿಕೆ ಬಂದದ್ದು ಫಿಲಂ ಪಟ್ಟಿಯ ಅಂಚಿನಲ್ಲೇ ಧ್ವನಿಯನ್ನು ಮುದ್ರಿಸುವ ವಿಧಾನ. ಅಲ್ಲಿ ಶಬ್ದದ ಏರಿಳಿತ ಕಪ್ಪು-ಬಿಳುಪಿನ ಗೆರೆಗಳಾಗಿ ಉಳಿಯುತ್ತದೆ. ಪ್ರೊಜೆಕ್ಟರಿನ ಪುಟ್ಟ ದೀಪದ ಬೆಳಕು ಈ ಗೆರೆಗಳನ್ನು ಹಾಯ್ದು ದ್ಯುತಿಕೋಶದ ಮೇಲೆ ಬೀಳುತ್ತದೆ. ಬೆಳಕಿನ ಏರಿಳಿತ ವಿದ್ಯುತ್ತಿನ ಏರಿಳಿತವಾಗುತ್ತದೆ. ಅದು ಬಲಗೊಂಡು ಧ್ವನಿವರ್ಧಕದಲ್ಲಿ ಮತ್ತೆ ಶಬ್ದವಾಗುತ್ತದೆ.

ಇದರಿಂದ ಪ್ರದರ್ಶನದ ಲೆಕ್ಕವೇ ಬದಲಾಯಿತು. ಮೂಕಿ ಚಿತ್ರದ ವೇಗ ಚಿತ್ರಮಂದಿರದವರ ಕೈಯಲ್ಲಿತ್ತು. ದುಃಖದ ದೃಶ್ಯವನ್ನು ಕೊಂಚ ನಿಧಾನವಾಗಿ ಓಡಿಸೆಂದು ಬೆನ್ಶಿ ಪ್ರೊಜೆಕ್ಟರ್ ನಡೆಸುವವನಿಗೆ ಹೇಳಬಹುದಿತ್ತು. ಟಾಕಿಯಲ್ಲಿ ಅದು ಸಾಧ್ಯವಿಲ್ಲ. ಸೆಕೆಂಡಿಗೆ 24 ಚೌಕಟ್ಟುಗಳು ಓಡಲೇಬೇಕು; ಇಲ್ಲವಾದರೆ ನಾಯಕಿಯ ದನಿ ಗೊಗ್ಗರಾಗುತ್ತದೆ. ಅದುವರೆಗೆ ಪ್ರದರ್ಶನವೆಂಬುದು ಪ್ರತಿ ಊರಿನಲ್ಲಿ, ಪ್ರತಿ ಸಂಜೆ ಹೊಸದಾಗಿ ತಯಾರಾಗುತ್ತಿತ್ತು. ಈಗ ಅದು ಡಬ್ಬಿಯಲ್ಲಿ ಸಿದ್ಧವಾಗಿ ಬರತೊಡಗಿತು.

ಮಾಲೀಕನ ಲೆಕ್ಕಾಚಾರ

1929ರ ಮೇ ತಿಂಗಳಲ್ಲಿ ಟೋಕಿಯೊದ ಮುಸಾಶಿನೊಕಾನ್ ಚಿತ್ರಮಂದಿರದಲ್ಲಿ ಅಮೆರಿಕದ ಟಾಕಿಗಳ ಪ್ರದರ್ಶನ ಶುರುವಾಯಿತು. ಇಂಗ್ಲಿಷ್ ಮಾತು ಬಹುಪಾಲು ಜನರಿಗೆ ಅರ್ಥವಾಗದು. ಆದ್ದರಿಂದ ಬೆನ್ಶಿಗಳಿಗೆ ಇನ್ನೂ ಕೆಲಸವಿತ್ತು. ಆದರೆ ಧ್ವನಿವರ್ಧಕದ ಅಬ್ಬರದ ಮೇಲೆ ಕೂಗಿ ಹೇಳುವುದು ಹೇಗೆ? ಕೆಲವು ಕಡೆ ಯಂತ್ರದ ಧ್ವನಿಯನ್ನೇ ತಗ್ಗಿಸಿ ಬೆನ್ಶಿಗೆ ದಾರಿ ಮಾಡಿಕೊಟ್ಟರು. ಪರದೆಯ ಮಾತು, ಪಕ್ಕದವನ ಮಾತು ಸೇರಿ ಸಂತೆಯಾಯಿತು.

1931ರಲ್ಲಿ ಎರಡು ಏಟುಗಳು ಒಟ್ಟಿಗೇ ಬಿದ್ದವು. ಹಾಲಿವುಡ್ಡಿನ 'ಮೊರಾಕೊ' ಚಿತ್ರ ಜಪಾನೀ ಅಡಿಬರಹಗಳನ್ನು ಹೊತ್ತು ಬಂದು ಗೆದ್ದಿತು. ಪರದೇಶದ ಚಿತ್ರಕ್ಕೂ ಬೆನ್ಶಿ ಬೇಡವೆಂದಾಯಿತು. ಅದೇ ವರ್ಷ ಶೋಚಿಕು ಕಂಪನಿಗಾಗಿ ಹೈನೊಸುಕೆ ಗೋಶೊ ನಿರ್ದೇಶಿಸಿದ 'ನೆರೆಮನೆಯಾಕೆ ಮತ್ತು ನನ್ನ ಹೆಂಡತಿ' ಎಂಬರ್ಥದ ಹೆಸರಿನ ಜಪಾನೀ ಟಾಕಿ ಜನಮೆಚ್ಚುಗೆ ಗಳಿಸಿತು.

ಮಾಲೀಕರ ಲೆಕ್ಕ ಸರಳವಾಗಿತ್ತು. ಧ್ವನಿಯಂತ್ರ ದುಬಾರಿ, ನಿಜ. ಆದರೆ ಅದಕ್ಕೆ ತಿಂಗಳ ಸಂಬಳವಿಲ್ಲ, ಗಂಟಲು ಕಟ್ಟುವುದಿಲ್ಲ, ಹೆಚ್ಚಿನ ಹಣ ಕೊಡುವ ಚಿತ್ರಮಂದಿರಕ್ಕೆ ಅದು ಹಾರಿಹೋಗುವುದಿಲ್ಲ. ಬೆನ್ಶಿಗಳನ್ನೂ ವಾದ್ಯಗಾರರನ್ನೂ ಮನೆಗೆ ಕಳುಹಿಸುವುದು ಆರಂಭವಾಯಿತು. 1932ರಲ್ಲಿ ಅವರು ಮುಷ್ಕರ ಹೂಡಿದರು. ಮುಷ್ಕರದಿಂದ ಯಂತ್ರ ಕೆಲಕಾಲ ತಡೆದು ನಿಂತಿತೇ ವಿನಾ ಹಿಂದಿರುಗಲಿಲ್ಲ.

ಆದರೂ ಜಪಾನಿನಲ್ಲಿ ಮೂಕಿ ಚಿತ್ರ ಒಮ್ಮೆಲೇ ಕಣ್ಮರೆಯಾಗಲಿಲ್ಲ. ಸಣ್ಣ ಊರುಗಳ ಚಿತ್ರಮಂದಿರಗಳಿಗೆ ಹೊಸ ಯಂತ್ರ ಕೊಳ್ಳುವ ಶಕ್ತಿಯಿರಲಿಲ್ಲ. ಜನರಿಗೆ ಬೆನ್ಶಿಯ ಮೇಲಿನ ಪ್ರೀತಿಯೂ ಬತ್ತಿರಲಿಲ್ಲ. ಪ್ರಸಿದ್ಧ ನಿರ್ದೇಶಕ ಯಸುಜಿರೊ ಓಜು ತಮ್ಮ ಮೊದಲ ಕಥಾ ಟಾಕಿಯನ್ನು ತೆರೆಗೆ ತಂದದ್ದು 1936ರಲ್ಲಿ!

ಅಣ್ಣ ಮತ್ತು ತಮ್ಮ

ಆ ಮುಷ್ಕರದ ಮುಂಚೂಣಿಯಲ್ಲಿದ್ದವರಲ್ಲಿ ಒಬ್ಬ, ಇಪ್ಪತ್ತರ ಹರೆಯದ ಬೆನ್ಶಿ ಹೆಯ್ಗೊ ಕುರೊಸಾವಾ. ಪರದೇಶದ ಚಿತ್ರಗಳಿಗೆ ದನಿ ಕೊಡುವುದರಲ್ಲಿ ಹೆಸರು ಮಾಡಿದ್ದವನು. ಬಾಲ್ಯದಲ್ಲಿ ಓದಿನಲ್ಲಿ ಎಲ್ಲರಿಗಿಂತ ಮುಂದೆ. ಆದರೆ ಟೋಕಿಯೊದ ಹೆಸರಾಂತ ಮಾಧ್ಯಮಿಕ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಶಿಸ್ತಿನ ತಂದೆಯ ಮನೆಯಲ್ಲಿ ಅದು ಸಣ್ಣ ಮಾತಾಗಿರಲಿಲ್ಲ. ಹುಡುಗ ಶಾಲೆಯಿಂದ ದೂರವಾಗಿ ರಷ್ಯನ್ ಕಾದಂಬರಿಗಳಲ್ಲಿ, ಸಿನಿಮಾದಲ್ಲಿ ಮುಳುಗಿದ. ಕೊನೆಗೆ ಬೆನ್ಶಿಯಾಗಿ ತನ್ನ ದಾರಿ ಕಂಡುಕೊಂಡ. ಆ ದಾರಿಯೇ ಈಗ ಮುಚ್ಚುತ್ತಿತ್ತು.

1933ರಲ್ಲಿ ಹೆಯ್ಗೊ ತನ್ನ ಬದುಕನ್ನು ತಾನೇ ಕೊನೆಗೊಳಿಸಿಕೊಂಡ. ಇದಕ್ಕೆಲ್ಲ ಟಾಕಿಯೊಂದೇ ಕಾರಣವೆಂದು ಹೇಳುವುದು ಸರಿಯಾಗಲಾರದು. ಮನುಷ್ಯನ ಮನಸ್ಸು ಅಷ್ಟು ಸರಳವಲ್ಲ. ಆದರೆ ಕಷ್ಟಪಟ್ಟು ಕಲಿತ ವಿದ್ಯೆಗೆ ಇನ್ನು ಬೆಲೆಯಿಲ್ಲ ಎಂದಾಗ, ಕೈ ಹಿಡಿದು ಪಕ್ಕದಲ್ಲಿ ಕೂರುವವರು ಬೇಕಾಗುತ್ತಾರೆ ಎಂಬುದಂತೂ ಸತ್ಯ.

ಹೆಯ್ಗೊಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮನ ಹೆಸರು ಅಕಿರಾ. ಒಳ್ಳೆಯ ಚಿತ್ರ ಯಾವುದು, ಒಳ್ಳೆಯ ಪುಸ್ತಕ ಯಾವುದು ಎಂಬುದನ್ನು ಅವನಿಗೆ ತೋರಿಸಿಕೊಟ್ಟವನು ಈ ಅಣ್ಣನೇ. 1935ರಲ್ಲಿ ಪತ್ರಿಕೆಯ ಜಾಹೀರಾತು ನೋಡಿ ಅಕಿರಾ ಸಹಾಯಕ ನಿರ್ದೇಶಕನ ಕೆಲಸಕ್ಕೆ ಅರ್ಜಿ ಹಾಕಿದ. ಕೆಲಸ ಸಿಕ್ಕಿದ್ದು ಪಿ.ಸಿ.ಎಲ್. ಕಂಪನಿಯಲ್ಲಿ. ವಿಧಿಯ ಆಟ ನೋಡಿ: ಈ ಕಂಪನಿ ಬೆಳೆದದ್ದೇ ಚಿತ್ರಗಳಿಗೆ ಧ್ವನಿ ಅಳವಡಿಸುವ ಕೆಲಸದಿಂದ! ಮುಂದೆ 'ರಾಶೊಮನ್' ಚಿತ್ರ 1951ರಲ್ಲಿ ವೆನಿಸ್ ಚಿತ್ರೋತ್ಸವದ ಚಿನ್ನದ ಸಿಂಹ ಪ್ರಶಸ್ತಿ ಗೆದ್ದಾಗ ಅಕಿರಾ ಕುರೊಸಾವಾ ಎಂಬ ಹೆಸರು ಜಗತ್ತಿಗೆಲ್ಲ ಪರಿಚಯವಾಯಿತು.

ದಾರಿ ಬದಲಿಸಿದವರು

ಎಲ್ಲ ಬೆನ್ಶಿಗಳೂ ಸೋಲಲಿಲ್ಲ. ಕೆಲವರು ಬೀದಿ ಬೀದಿಯಲ್ಲಿ ಮಕ್ಕಳಿಗೆ ಚಿತ್ರದ ಹಲಗೆಗಳನ್ನು ತೋರಿಸಿ ಕಥೆ ಹೇಳುವ 'ಕಾಮಿಶಿಬಾಯಿ' ಹಿಡಿದರು. ಕೆಲವರು ಹಾಸ್ಯದ ಮಾತುಗಾರರಾದರು. ಅತಿ ಪ್ರಸಿದ್ಧ ಬೆನ್ಶಿ ಮುಸೆಯ್ ತೊಕುಗಾವಾ ರೇಡಿಯೊಗೆ ಹೋದರು, ನಟರಾದರು, ಲೇಖಕರೂ ಆದರು. ರೇಡಿಯೊದಲ್ಲಿ ಅವರು ಕಾದಂಬರಿ ಓದುವುದನ್ನು ಕೇಳಲು ಜನ ಕಾಯುತ್ತಿದ್ದರು. ಚಿತ್ರಮಂದಿರ ಬೇಡವೆಂದ ದನಿ ಮನೆಮನೆಯ ದನಿಯಾಯಿತು.

ನಮ್ಮ ದೇಶದಲ್ಲೂ ಮೂಕಿ ಚಿತ್ರಗಳಿಗೆ ಹಾರ್ಮೋನಿಯಂ, ತಬಲ ನುಡಿಸುವವರಿದ್ದರು. ಕಥೆ ವಿವರಿಸುವವರೂ ಇದ್ದರು. 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ 'ಆಲಂ ಆರಾ', 1934ರಲ್ಲಿ ಬೆಂಗಳೂರಿನಲ್ಲಿ ಕನ್ನಡದ 'ಸತಿ ಸುಲೋಚನ' ತೆರೆಕಂಡ ಮೇಲೆ ಅವರೂ ಮರೆಗೆ ಸರಿದರು. ಅವರಲ್ಲಿ ಹೆಚ್ಚಿನವರ ಹೆಸರುಗಳೂ ಉಳಿದಿಲ್ಲ.

ಜಪಾನಿನಲ್ಲಿ ಮಾತ್ರ ಕಿಡಿ ಆರಲಿಲ್ಲ. ಶುನ್ಸುಯ್ ಮತ್ಸುದಾ ಎಂಬ ಬೆನ್ಶಿ ಯುದ್ಧದ ನಂತರ ಹಳೆಯ ಮೂಕಿ ಚಿತ್ರಗಳನ್ನು ಹುಡುಕಿ ಸಂಗ್ರಹಿಸಿದರು. ಅವರ ಶಿಷ್ಯೆ ಮಿದೊರಿ ಸಾವಾತೊ ಈ ಕಲೆಯನ್ನು ಬೇರೆ ದೇಶಗಳಿಗೂ ಕೊಂಡೊಯ್ದರು.

ಕುರೊಸಾವಾ ಸಹಾಯಕ ನಿರ್ದೇಶಕರಾಗಿದ್ದಾಗ ಒಂದು ಚಿತ್ರದಲ್ಲಿ ನಟಿಸಲು ಮುಸೆಯ್ ತೊಕುಗಾವಾ ಬಂದಿದ್ದರು. ಅವರು ಈ ಯುವಕನ ಮುಖವನ್ನೇ ದಿಟ್ಟಿಸಿ ನೋಡಿದರಂತೆ. ನೀನು ಥೇಟ್ ನಿನ್ನ ಅಣ್ಣನಂತೆ, ಆದರೆ ಅವನು ಫೋಟೊದ ನೆಗೆಟಿವ್, ನೀನು ಪಾಸಿಟಿವ್ ಎಂಬರ್ಥದ ಮಾತನ್ನು ಹೇಳಿದರೆಂದು ಕುರೊಸಾವಾ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಆ ನೆಗೆಟಿವ್ ಇದ್ದುದರಿಂದಲೇ ತಾನೆಂಬ ಪಾಸಿಟಿವ್ ಮೂಡಿತು ಎಂಬುದು ತಮ್ಮನ ನಂಬಿಕೆಯಾಗಿತ್ತು.