ನೋಯದ ಗಾಯ



ಪವಿತ್ರ ಗುರುವಾರದಂದು ಯೇಸುಸ್ವಾಮಿ ಶಿಷ್ಯರ ಪಾದಗಳನ್ನು ತೊಳೆದದ್ದನ್ನು ನಾವು ಸ್ಮರಿಸುತ್ತೇವೆ. ಪಾದ ತೊಳೆಯುವವರು ಮೊದಲು ಬಗ್ಗಿ ಅದನ್ನು ನೋಡಬೇಕು. ಸಕ್ಕರೆ ಕಾಯಿಲೆಯಿರುವ ನಮ್ಮ ಮನೆಯ ಹಿರಿಯರ ಪಾದಗಳನ್ನು ಹೀಗೆ ಬಗ್ಗಿ ನೋಡುವವರು ನಮ್ಮಲ್ಲಿ ಎಷ್ಟು ಮಂದಿ?

ಈ ಕಾಯಿಲೆ ವರ್ಷಗಟ್ಟಲೆ ಹಿಡಿತದಲ್ಲಿರದಿದ್ದರೆ ಪಾದದ ನರಗಳು ಶಕ್ತಿ ಕಳೆದುಕೊಳ್ಳುತ್ತವೆ. ಮೊದಲು ಜುಮ್ಮೆನ್ನುತ್ತದೆ, ಉರಿಯುತ್ತದೆ. ಬರಬರುತ್ತಾ ಏನೂ ತಿಳಿಯದಂತಾಗುತ್ತದೆ. ಉರಿ ನಿಂತಿತೆಂದು ಸಂತೋಷಪಡುವವರಿದ್ದಾರೆ. ಎಷ್ಟೋ ಸಲ ಅದು ಗುಣವಾದದ್ದಲ್ಲ, ಸ್ಪರ್ಶವೇ ಹೋದದ್ದು. ಆಮೇಲೆ ಭಾಲ್ಕಿಯ ಹೊಲದಲ್ಲಿ ತೊಗರಿಯ ಕೂಳೆ ಚುಚ್ಚಿದರೂ, ಔರಾದಿನ ಬೇಸಿಗೆಯ ನೆಲ ಸುಟ್ಟು ಗುಳ್ಳೆ ಎದ್ದರೂ ಅರಿವಾಗದು. ಬಿಗಿ ಚಪ್ಪಲಿಯ ಉಜ್ಜು, ಒಡೆದ ಹಿಮ್ಮಡಿ, ಬ್ಲೇಡಿನಿಂದ ಕೊಯ್ದ ಆಣಿ, ಇಷ್ಟು ಸಾಕು ಹುಣ್ಣಾಗಲು. ರಕ್ತನಾಳಗಳೂ ಕಿರಿದಾಗಿದ್ದರೆ ಅದು ಮಾಯುವುದಿಲ್ಲ. ಬೀಡಿ, ತಂಬಾಕು ಆ ನಾಳಗಳನ್ನು ಇನ್ನಷ್ಟು ಕೆಡಿಸುತ್ತವೆ.

1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದ ಡಾಕ್ಟರ್ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳಲ್ಲಿ ಕಂಡದ್ದೂ ಇದನ್ನೇ. ನೋವು ತಿಳಿಯದ ಕಾರಣ ಅವರು ಗಾಯದ ಮೇಲೆಯೇ ನಡೆಯುತ್ತಿದ್ದರು. ಮುಂದೆ ಅಮೆರಿಕದಲ್ಲಿ ಬ್ರ್ಯಾಂಡ್ ಅದೇ ತಿಳಿವಳಿಕೆಯನ್ನು ಸಕ್ಕರೆ ಕಾಯಿಲೆಯವರ ಪಾದಗಳಿಗೂ ಬಳಸಿದರು. ನೋವನ್ನು ವರವೆಂದು ಕರೆದ ವೈದ್ಯರು ಅವರು.

ಚಿಕಿತ್ಸೆಯಲ್ಲಿ ವೈದ್ಯರು ಸತ್ತ ಚರ್ಮ, ಮಾಂಸವನ್ನು ತೆಗೆದು ಸ್ವಚ್ಛಮಾಡುತ್ತಾರೆ, ಸೋಂಕಿದ್ದರೆ ಔಷಧಿ ಕೊಡುತ್ತಾರೆ, ಅದು ಎಲುಬಿಗೆ ಇಳಿದಿದೆಯೇ ಎಂದು ಎಕ್ಸ್‌ರೇ ತೆಗೆಸುತ್ತಾರೆ, ಪಾದಕ್ಕೆ ರಕ್ತ ಹರಿಯುತ್ತಿದೆಯೇ ಎಂದು ನೋಡುತ್ತಾರೆ. ಸಕ್ಕರೆ ಇಳಿಸಲು ಇನ್ಸುಲಿನ್ ಬೇಕಾಗಬಹುದು. ಇವೆಲ್ಲದರ ಜೊತೆಗೆ, ಹುಣ್ಣಿನ ಮೇಲೆ ಭಾರ ಬೀಳಬಾರದು. ಜನ ಇದನ್ನೇ ಕಡೆಗಣಿಸುವುದು. ಮುಲಾಮು ಹಚ್ಚಿಕೊಂಡು ಅದೇ ಕಾಲಿನಲ್ಲಿ ಸಂತೆಗೆ ಹೋದರೆ ಔಷಧಿಯಾದರೂ ಏನು ಮಾಡೀತು? ಅರಿಶಿನ, ಸುಣ್ಣ, ಬಿಸಿನೀರಿನ ಶಾಖ ಬೇಡವೇ ಬೇಡ.

ತಪಸ್ಸುಕಾಲದ ಬಗ್ಗೆ ಒಂದು ಮಾತು. ಶಿಲುಬೆಯ ಹಾದಿಯನ್ನು ಬರಿಗಾಲಲ್ಲಿ ನಡೆಯುವ ಹರಕೆ ನಮ್ಮಲ್ಲಿದೆ. ಬೀದರಿನ ಕೆಂಪುಕಲ್ಲಿನ ನೆಲ ಆ ದಿನಗಳಲ್ಲಿ ಹೆಂಚಿನಂತೆ ಕಾದಿರುತ್ತದೆ. ಪಾದದಲ್ಲಿ ಸ್ಪರ್ಶವಿಲ್ಲದವರು ಈ ಹರಕೆ ಹೊರುವುದು ಬೇಡ. ಬದಲಿಗೆ ಬೀಡಿ ಬಿಡಲಿ, ಅದೂ ತ್ಯಾಗವೇ. ಅಂಥವರು ಮೆತ್ತನೆಯ, ಅಳತೆಗೆ ಸರಿಯಾದ ಚಪ್ಪಲಿ ಹಾಕಿಕೊಂಡೇ ದೇವಾಲಯದೊಳಗೆ ಬರಲಿ. ಮೋಶೆಗೆ ದೇವರು ಪಾದರಕ್ಷೆ ಬಿಡಲು ಹೇಳಿದ್ದು ನಿಜ, ಆದರೆ ಹುಣ್ಣು ಮಾಡಿಕೊಳ್ಳಲು ಹೇಳಲಿಲ್ಲ.

ಮನೆಯಲ್ಲಿ ಸಂಜೆಯ ಜಪಸರ ಮುಗಿದ ಮೇಲೆ ಮಗಳೋ ಮೊಮ್ಮಗನೋ ಅಜ್ಜನ ಅಂಗಾಲು, ಬೆರಳ ಸಂದುಗಳನ್ನು ದೀಪದ ಬೆಳಕಲ್ಲಿ ನೋಡಲಿ. ತೊಳೆದ ಪಾದದಲ್ಲಿ ತೇವ ಉಳಿಯದಂತೆ ಒರೆಸಲಿ. ಒಣಗಿದ ಹಿಮ್ಮಡಿಗೆ ಎಣ್ಣೆ ಸವರಲಿ, ಬೆರಳ ಸಂದಿಗೆ ಬೇಡ. ಚಪ್ಪಲಿ ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ಖಚಿತಪಡಿಸಿಕೊಳ್ಳಲಿ. ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿರಿ. ತೆಳುವಾದ ನೈಲಾನ್ ಎಳೆಯೊಂದನ್ನು ತಾಗಿಸಿ ನೋಡುತ್ತಾರೆ, ಅಷ್ಟೇ.

ಗಾಯ ಕಂಡರೆ ನೋವಿಲ್ಲವೆಂದು ಕಾಯದೆ ಅಂದೇ ಭಾಲ್ಕಿ ಅಥವಾ ಔರಾದಿನ ತಾಲೂಕು ಆಸ್ಪತ್ರೆಗೆ ತೋರಿಸಿರಿ. ಕೀವು, ಹರಡುವ ಕೆಂಪು, ಕಪ್ಪಾದ ಬೆರಳು, ಜ್ವರ, ಇವುಗಳಲ್ಲಿ ಒಂದಿದ್ದರೂ ರಾತ್ರಿಯಾಗಿದ್ದರೂ ಸರಿ, ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಹೊರಡಿರಿ.